ಮೈಕಿನವನ ಬಿಲ್ಲು

ವಾಸ್ಕೋದ ಸಭಾಭವನ. ಕುರ್ಚಿ ಆರುನೂರು, ಫ್ಯಾನು ಹದಿನಾಲ್ಕು,
ಮೈಕು ನಾಲ್ಕು: ಮೂರು ವೇದಿಕೆಗೆ, ಒಂದು ಊರಿಗೆ.
ಅಲ್ಲಿಯ ಕರೆಂಟು ನಂಬುವಂತಿಲ್ಲವೆಂದು
ಹೊರಗೆ ಬೆಳಗಿನಿಂದ ಗುರುಗುಟ್ಟುವ ಡೀಸೆಲ್ ಜನರೇಟರು.
ಜೊತೆಗೊಂದು ಬಾಯಿಮಾತಿನ ಕರಾರು:
ಊರಿನ ಮೈಕಿಗೆ ಮೂರೇ ನಿಮಿಷ,
ಗಂಟೆ ಹೊಡೆದೊಡನೆ ನಾನು ಗುಂಡಿ ಕೆಳಗೆಳೆಯಬೇಕು.

ಪರದೆಯ ಮೇಲೆ ದೇಶದ ನಕ್ಷೆ, ಅದರ ತುಂಬ ಬಾಣಗಳು.
ಹಡಗಿನಿಂದ ಜೆಟ್ಟಿಗೆ, ಜೆಟ್ಟಿಯಿಂದ ರೈಲಿಗೆ,
ರೈಲು ಘಟ್ಟ ಹತ್ತಿ ಆಚೆಯ ಕುಲುಮೆಗೆ.
ಇಪ್ಪತ್ತೈದು ವರ್ಷದ ಬೇಡಿಕೆ, ಮೇಲಕ್ಕೇ ಏರುವ ಒಂದು ಗೆರೆ.
ಆ ಗೆರೆ ಯಾರ ಮನೆಯ ಸ್ವಿಚ್ಚಿನಿಂದ ಹೊರಟಿತೋ
ಸಾಹೇಬರು ಹೇಳಲಿಲ್ಲ. ಐವತ್ತು ನಿಮಿಷ ಮಾತಾಡಿದರು.
ಅವರಿಗೆ ಗಂಟೆ ಇರಲಿಲ್ಲ.

ಆಮೇಲೆ ಊರು ಎದ್ದಿತು.
ಬೈನಾದ ಕಾಯ್ತಾನ್ ಒಂದು ಬಾಟಲಿ ಎತ್ತಿ ಹಿಡಿದ,
ಕಿಟಕಿ ತೊಳೆದ ನೀರು, ಬರೆಯಬಹುದಿತ್ತು ಅದರಲ್ಲಿ ಅದ್ದಿ.
ಕ್ರೇನು ನಡೆಸುವ ಉಲ್ಹಾಸ ಗಾಂವ್ಕರ್:
"ಕಲ್ಲಿದ್ದಲು ಬೇಡ ಅನ್ನಿ, ನನ್ನ ಸಂಬಳಕ್ಕೆ ಬೇರೆ ಹಡಗು ತೋರಿಸಿ."
ಕಾಲೇಜಿನ ಹುಡುಗಿಯೊಬ್ಬಳು
ಬಿಸಿಲಿಗೆ ಬಂದರು ಬೇಕಿಲ್ಲ ಅಂದಳು.
"ರಾತ್ರಿಗೆ?" ಹಿಂದಿನಿಂದ ಯಾರೋ ಕೂಗಿದರು.
"ಅದನ್ನೇ ಅಲ್ಲವೇ ನಾವು ಮಾತಾಡಬೇಕಾದ್ದು, ಅದನ್ನೇ..."
ಗಂಟೆ.
ನಾನು ಕೆಳಗೆಳೆದೆ.

ಟೋಕನ್ ಎಪ್ಪತ್ತೊಂದು, ಶಾವಂತ್ರೆವ್ವ.
ಹುನಗುಂದದ ಕಡೆಯವಳು, ಝುವಾರಿನಗರದ ಖೋಲಿ,
ಆರು ಮನೆಯ ಪಾತ್ರೆ.
"ಕನ್ನಡದಾಗ ಮಾತಾಡ್ಲೇನ್ರಿ?"
ವೇದಿಕೆ ಒಬ್ಬರ ಮುಖ ಒಬ್ಬರು ನೋಡಿತು.
ಬರೆಯುವ ಗುಮಾಸ್ತನ ಕೈ ನಿಂತಿತು.

"ನನ್ನ ಖೋಲಿಗೆ ಮೀಟ್ರ ಇಲ್ರಿ. ಮಾಲಕ
ಯುನಿಟ್ಟಿಗೆ ಹನ್ನೆರಡು ರೂಪಾಯಿ ಕಿತ್ತಗೋತಾನ.
ಕರೆಂಟ್ ಬ್ಯಾಡ ಅನ್ನಾಕ ಬಂದಿಲ್ಲ ನಾ. ಬೇಕು. ಭಾಳ ಬೇಕು.
ಆದ್ರ ಒಂದು ಹೆಣ್ಣು ಕೊಡೂಮುಂದ
ಹುಡುಗನ ಮನಿ ಎಂಥಾದ್ದು, ನೀರಿನ ಅನುಕೂಲ ಐತೋ ಇಲ್ಲೋ,
ಅವರವ್ವನ ಬಾಯಿ ಹೆಂಗ,
ಹತ್ತು ಮಂದಿ ಕುಂತು ಮಾತಾಡ್ತೀವಿ, ಜಗಳಾನೂ ಆಡ್ತೀವಿ.
ಇದು ಇಪ್ಪತ್ತೈದು ವರ್ಷದ ಬಾಳೇವು.
ನೀವು ತಾಳಿ ಕಟ್ಟಿಸಿ, ಅಕ್ಕಿಕಾಳು ಹಾಕಿಸಿ
ಈಗ ಕೇಳಾಕತ್ತೀರಿ, ಹುಡುಗ ಒಪ್ಪಿಗಿ ಏನು, ಅಂತ."

ಗಂಟೆ. ಅವಳಿಗೆ ಅದರ ಅರ್ಥ ತಿಳಿಯಲಿಲ್ಲ,
ತುಟಿ ನಡೆದೇ ಇತ್ತು.
"ಆಯ್ಕೂಂಕ್ ಯೇನಾ!" ಹಿಂದಿನ ಸಾಲು ಕಿರುಚಿತು.
ಪಕ್ಕದಲ್ಲಿದ್ದೆ, ನನಗೆ ಕೇಳಿತು:
"ಮೊಮ್ಮಗಳಿಗೆ ಈಗ ನಾಕು ವರ್ಷ. ನಿಮ್ಮ ಗೆರಿ ಮುಗಿಯೂದ್ರಾಗ
ಅಕಿಗೆ ಮೂವತ್ತು. ಅಕಿನ್ನ ಯಾರ್ ಕೇಳವರು?"

ಗುಮಾಸ್ತ ಬರೆದದ್ದು ಕಂಡೆ:
ಎಪ್ಪತ್ತೊಂದು, ಬೇರೆ ಭಾಷೆ, ವಿರೋಧ.
ಅವನ ಹಾಳೆಯಲ್ಲಿ ಇದ್ದದ್ದೇ ಎರಡು ಕಂಬ, ಪರ ಮತ್ತು ವಿರೋಧ.
ಪ್ರಶ್ನೆಗೆ ಅಲ್ಲಿ ಜಾಗ ಗೀಚಿರಲಿಲ್ಲ.

ನನ್ನೂರು ರಾಮದುರ್ಗ. ಎದ್ದು ನಾಲ್ಕು ಮಾತು
ಹಿಂದಿಯಲ್ಲಿ ತಿರುಗಿಸಿ ಹೇಳಬಹುದಿತ್ತು.
ಹತ್ತೊಂಬತ್ತು ವರ್ಷದಿಂದ ಎಲ್ಲರ ಬಾಯಿ ನನ್ನ ಹೆಬ್ಬೆರಳಿನ ಕೆಳಗೆ,
ನನ್ನದು ಎಲ್ಲಿಟ್ಟೆನೋ.
ವೈರು ಸುತ್ತಿದೆ. ಕುರ್ಚಿ ಒಂದರ ಮೇಲೊಂದು ಹೊರಿಸಿದೆ.
ಹೊರಗೆ ಕಲ್ಲಿದ್ದಲಿನ ರೈಲು ಹೋಗುತ್ತಿತ್ತು,
ಐವತ್ತೆಂಟು ಡಬ್ಬಿ, ಎಣಿಸಿದೆ,
ನಮ್ಮೂರ ದಿಕ್ಕಿಗೇ.

ಮರುದಿನ ಬಿಲ್ಲು ಬರೆದೆ:
ಕುರ್ಚಿ, ಫ್ಯಾನು, ಮೈಕು, ಒಂಬತ್ತು ತಾಸಿನ ಡೀಸೆಲ್.
ಕೊನೆಗೆ ಕನ್ನಡದಲ್ಲಿ ಒಂದು ಸಾಲು:
ಟೋಕನ್ ಎಪ್ಪತ್ತೊಂದು, ಬಾಕಿ.
ಕಚೇರಿಯ ಲೆಕ್ಕದವರು ಫೋನು ಮಾಡಿದರು.
ಇದೇನು, ಓದಲು ಬರುತ್ತಿಲ್ಲ, ಎಷ್ಟು ಇದು?

ಗೊತ್ತಿಲ್ಲ ಅಂದೆ.
ಕುಂತು ಮಾತಾಡಿ ಗೊತ್ತುಮಾಡಬೇಕು.